ಲಿಗ್ನಿನ್‌ನ ‘ಋಣ’ ಎಷ್ಟು? ನಾನು ಹೇಳಿದ ತಪ್ಪು ಲೆಕ್ಕ ಮತ್ತು ಸರಿಯಾದ ಅಳತೆ

(ಪಾಡ್‌ಕಾಸ್ಟ್ ಸಂಚಿಕೆಯ ಬರಹರೂಪ)

  ಈ ಸಂಚಿಕೆ ಒಂದು ತಪ್ಪೊಪ್ಪಿಗೆಯಿಂದ ಶುರುವಾಗುತ್ತೆ.

ಕೆಲವು ವಾರಗಳ ಹಿಂದೆ ಕಾಗದದ ಬಗ್ಗೆ ಒಂದು ಸಂಚಿಕೆ ಮಾಡಿದ್ದೆ. ನೆನಪಿದೆಯಾ? ಅದರಲ್ಲಿ ಬಹಳ ಧೈರ್ಯವಾಗಿ ಒಂದು ಮಾತು ಹೇಳಿದ್ದೆ: “ಮರದಿಂದ ತಿರುಳು ತೆಗೆಯುವಾಗ ಲಿಗ್ನಿನ್ ಅನ್ನೋ ಪದಾರ್ಥ ಹೊರಗೆ ಬರುತ್ತೆ, ಅದರ ಚಾರ್ಜ್ ಮೈನಸ್ 40 ಮಿಲಿವೋಲ್ಟ್.” ಹೇಳಿ ಮುಂದಕ್ಕೆ ಹೋಗಿಬಿಟ್ಟೆ.

ಎರಡು ದಿನ ಬಿಟ್ಟು ಒಂದು ವಾಯ್ಸ್ ಮೆಸೇಜ್ ಬಂತು. ಧಾರವಾಡದ ಕಡೆಯವರು. ಬೇರೆ ರಾಜ್ಯದ ಒಂದು ಕಾಗದದ ಕಾರ್ಖಾನೆಯ ಲ್ಯಾಬ್‌ನಲ್ಲಿ ಹದಿನೆಂಟು ವರ್ಷದಿಂದ ಕೆಲಸ ಮಾಡ್ತಿದ್ದಾರೆ. ಹೆಸರು ಹಾಕಬೇಡಿ ಅಂದಿದ್ದಾರೆ, ಹಾಕಲ್ಲ. ಅವರು ಹೇಳಿದ್ದು ಇಷ್ಟು: “ತಂಗೀ, ನಿಮ್ಮ ಕಾರ್ಯಕ್ರಮ ಛಲೋ ಐತಿ. ಆದ್ರ ಮಿಲಿವೋಲ್ಟ್ ಅಂದ್ರ ಚಾರ್ಜ್ ಅಲ್ಲರೀ. ಮತ್ತ ಪಿಎಚ್ ಎಷ್ಟಿತ್ತು ಅಂತ ನೀವು ಹೇಳಲೇ ಇಲ್ಲ. ಪಿಎಚ್ ಹೇಳದ ಲಿಗ್ನಿನ್ ಚಾರ್ಜ್ ಹೇಳಿದ್ರ, ತಾರೀಖು ಹಾಕದ ಚೆಕ್ ಕೊಟ್ಟಂಗ.”

ನಾನು ಬಿಕಾಂ ಓದಿದವಳು. ಚೆಕ್ ವಿಷಯ ತೆಗೆದ ತಕ್ಷಣ ನನಗೆ ನಾಟಿತು. ಅವರಿಗೆ ಫೋನ್ ಮಾಡಿದೆ, “ಸರ್” ಅಂದೆ. “ಸರ್ ಗಿರ್ ಬ್ಯಾಡ, ಅಣ್ಣಾ ಅನ್ರಿ ಸಾಕು” ಅಂದ್ರು. ಆಮೇಲೆ ಒಂದೂವರೆ ಗಂಟೆ ಮಾತಾಡಿದ್ವಿ, ಅದಾದ ಮೇಲೆ ನಾನು ಕೂತು ಓದಿದೆ. ಅದೆಲ್ಲದರ ಸಾರ ಇವತ್ತಿನ ಸಂಚಿಕೆ.

ಮೊದಲು, ಲಿಗ್ನಿನ್ ಅಂದ್ರೆ ಏನು?

ಮರದಲ್ಲಿ ಉದ್ದುದ್ದ ನಾರುಗಳಿರುತ್ತವೆ. ಅದು ಮುಖ್ಯವಾಗಿ ಸೆಲ್ಯುಲೋಸ್. ಆ ನಾರುಗಳನ್ನು ಒಂದಕ್ಕೊಂದು ಅಂಟಿಸಿ, ಮರಕ್ಕೆ ಗಟ್ಟಿತನ ಕೊಡೋದು ಲಿಗ್ನಿನ್. ಮನೆ ಕಟ್ಟುವಾಗ ಕಬ್ಬಿಣದ ಸರಳು ಸೆಲ್ಯುಲೋಸ್ ಆದ್ರೆ, ಸುತ್ತ ತುಂಬೋ ಕಾಂಕ್ರೀಟ್ ಲಿಗ್ನಿನ್. ಒಣಗಿದ ಮರದ ತೂಕದಲ್ಲಿ ಸುಮಾರು ಶೇ 20ರಿಂದ 30ರಷ್ಟು ಇದೇ ಇರುತ್ತೆ.

ಕಾಗದಕ್ಕೆ ಬೇಕಾಗಿರೋದು ನಾರು. ಹಾಗಾಗಿ ಅಂಟನ್ನು ಕರಗಿಸಿ ತೆಗೀಬೇಕು. ಇವತ್ತು ಜಗತ್ತಿನಲ್ಲಿ ಇದಕ್ಕೆ ಹೆಚ್ಚಾಗಿ ಬಳಸೋದು ಕ್ರಾಫ್ಟ್ ವಿಧಾನ. 1879ರಲ್ಲಿ ಕಾರ್ಲ್ ಡಾಲ್ ಅನ್ನೋರು ಅಂದಿನ ಜರ್ಮನಿಯ ಡಾನ್‌ಜಿಗ್‌ನಲ್ಲಿ, ಅಂದ್ರೆ ಇವತ್ತಿನ ಪೋಲೆಂಡಿನ ಗ್ಡಾನ್ಸ್ಕ್‌ನಲ್ಲಿ, ಇದನ್ನು ಕಂಡುಹಿಡಿದರು. ಮರದ ಚಕ್ಕೆಗಳನ್ನು ಕಾಸ್ಟಿಕ್ ಸೋಡಾ ಮತ್ತು ಸೋಡಿಯಂ ಸಲ್ಫೈಡ್ ಜೊತೆ ದೊಡ್ಡ ಕುಕ್ಕರ್‌ನಲ್ಲಿ ಸುಮಾರು 170 ಡಿಗ್ರಿ ಸೆಲ್ಸಿಯಸ್‌ನಲ್ಲಿ ಬೇಯಿಸ್ತಾರೆ. ಕುಕ್ಕರ್ ಅಂತ ನಾನು ತಮಾಷೆಗೆ ಹೇಳ್ತಿಲ್ಲ. ಕಾರ್ಖಾನೆಯಲ್ಲಿ ಅದರ ಹೆಸರು ಡೈಜೆಸ್ಟರ್, ಕೆಲಸ ಮಾತ್ರ ಪ್ರೆಶರ್ ಕುಕ್ಕರ್‌ದೇ. ಬೆಂದ ಮೇಲೆ ನಾರು ಒಂದು ಕಡೆ, ಕಪ್ಪು ಕಷಾಯದಂಥ ದ್ರವ ಇನ್ನೊಂದು ಕಡೆ. ಆ ಕಪ್ಪು ದ್ರವಕ್ಕೆ ಬ್ಲ್ಯಾಕ್ ಲಿಕರ್ ಅಂತಾರೆ. ಕರಗಿದ ಲಿಗ್ನಿನ್ ಇರೋದು ಅದರಲ್ಲಿ.

ನಮ್ಮ ದಾಂಡೇಲಿ ಗೊತ್ತಲ್ಲ? ಹೆಚ್ಚಿನವರು ರ‍್ಯಾಫ್ಟಿಂಗ್‌ಗೆ ಹೋಗಿರ್ತೀರಿ. ಅದೇ ಊರಲ್ಲಿ 1955ರಲ್ಲಿ ಸ್ಥಾಪನೆಯಾದ ದೊಡ್ಡ ಕಾಗದದ ಕಾರ್ಖಾನೆ ಇದೆ. ಅಂದ್ರೆ ನಿಮ್ಮ ನೋಟ್‌ಬುಕ್ಕಿನ ಹಾಳೆಗೂ ಈ ಕಪ್ಪು ಕಷಾಯಕ್ಕೂ ನೇರ ಸಂಬಂಧ ಇರಬಹುದು.

ಬ್ಲ್ಯಾಕ್ ಲಿಕರ್ ಅನ್ನು ಕಾರ್ಖಾನೆಗಳು ಸುಮ್ಮನೆ ಚೆಲ್ಲಲ್ಲ. ನೀರನ್ನು ಆವಿ ಮಾಡಿ, ಗಟ್ಟಿ ಮಾಡಿ, ಬಾಯ್ಲರಿನಲ್ಲಿ ಸುಡ್ತಾರೆ. ಅದರಿಂದ ಕರೆಂಟು, ಹಬೆ ಸಿಗುತ್ತೆ, ಬೇಯಿಸೋಕೆ ಹಾಕಿದ ರಾಸಾಯನಿಕವೂ ವಾಪಸ್ ಬರುತ್ತೆ. ಆದ್ರೆ ನಾರನ್ನು ಎಷ್ಟು ತೊಳೆದರೂ ಸ್ವಲ್ಪ ಲಿಗ್ನಿನ್ ಅದರ ಜೊತೆ ಮುಂದಕ್ಕೆ ಹೋಗುತ್ತೆ. ಅಲ್ಲಿಂದ ಚಾರ್ಜ್‌ನ ಕಥೆ ಶುರು.

ಋಣ, ಧನ: ನಮ್ಮ ಭಾಷೆಯಲ್ಲೇ ಉತ್ತರ ಇದೆ

ಶಾಲೆಯಲ್ಲಿ ವಿದ್ಯುದಾವೇಶ ಅಂತ ಓದಿದ್ವಿ. ಪಾಸಿಟಿವ್ ಅಂದ್ರೆ ಧನ, ನೆಗೆಟಿವ್ ಅಂದ್ರೆ ಋಣ. ಕಾಮರ್ಸ್‌ನವರಿಗೆ ಇದು ಅದೃಷ್ಟ. ಧನ ಅಂದ್ರೆ ಕೈಯಲ್ಲಿರೋ ದುಡ್ಡು, ಋಣ ಅಂದ್ರೆ ಸಾಲ. ಲಿಗ್ನಿನ್ ನೀರಿನಲ್ಲಿ ಋಣ ಹೊತ್ತುಕೊಂಡು ಓಡಾಡೋ ಅಣು. ಅದರ ಸಾಲ ಎಷ್ಟು ಅಂತ ಕಂಡುಹಿಡಿಯೋದೇ ಚಾರ್ಜ್ ಅಳೆಯೋದು.

ಈ ಸಾಲ ಎಲ್ಲಿಂದ ಬಂತು? ಲಿಗ್ನಿನ್ ಅಣುವಿನ ಮೇಲೆ ಅಲ್ಲಲ್ಲಿ ಕೆಲವು ಗುಂಪುಗಳು ನೇತಾಡ್ತಿರ್ತವೆ. ಮುಖ್ಯವಾದ ಎರಡರ ಹೆಸರು ಕಾರ್ಬಾಕ್ಸಿಲ್ ಮತ್ತು ಫಿನಾಲ್. ಇವು ಒಂದೊಂದು ಹೈಡ್ರೋಜನ್ ಅಯಾನನ್ನು ನೀರಿಗೆ ಬಿಟ್ಟುಕೊಟ್ಟಾಗ ಅಣುವಿನ ಮೇಲೆ ಒಂದು ಋಣ ಉಳಿಯುತ್ತೆ. ಮರದೊಳಗೆ ಇದ್ದಾಗ ಲಿಗ್ನಿನ್‌ನಲ್ಲಿ ಬಿಡಿ ಫಿನಾಲ್ ಗುಂಪುಗಳು ಕಡಿಮೆ. ಕ್ರಾಫ್ಟ್ ಅಡುಗೆಯಲ್ಲಿ ಅಣುವಿನ ಕೊಂಡಿಗಳು ಮುರಿದಾಗ ಹೊಸ ಫಿನಾಲ್ ಗುಂಪುಗಳು ಹುಟ್ಟುತ್ತವೆ. ಅಂದ್ರೆ ಸಾಲದ ದೊಡ್ಡ ಪಾಲು ಬೇಯಿಸುವಾಗ ಆಗಿದ್ದು. ಅದಕ್ಕೇ ಅದು ಕರಗೋದು ಕೂಡ.

ಈಗ ಮುಖ್ಯ ಮಾತು. ಎಲ್ಲ ಸಾಲವೂ ಒಂದೇ ದಿನ ವಸೂಲಿಗೆ ಬರಲ್ಲ. ಯಾವ ಗುಂಪು ಯಾವಾಗ ಹೈಡ್ರೋಜನ್ ಬಿಡುತ್ತೆ ಅನ್ನೋದು ನೀರಿನ ಪಿಎಚ್ ಮೇಲೆ ನಿಂತಿದೆ. ಪಿಎಚ್ ಅಂದ್ರೆ ಹುಳಿ-ಕ್ಷಾರದ ಅಳತೆ. 7 ಅಂದ್ರೆ ತಟಸ್ಥ, ಕೆಳಗೆ ಹುಳಿ, ಮೇಲೆ ಕ್ಷಾರ. ಕಾರ್ಬಾಕ್ಸಿಲ್ ಗುಂಪುಗಳಲ್ಲಿ ಅರ್ಧದಷ್ಟು ಪಿಎಚ್ 4ರಿಂದ 5ರ ಹೊತ್ತಿಗೇ ಋಣ ಹೊರುತ್ತವೆ. ಫಿನಾಲ್ ಗುಂಪುಗಳು ಹಾಗಲ್ಲ, ಅವು ಅರ್ಧ ದಾರಿಗೆ ಬರೋದು ಪಿಎಚ್ ಸುಮಾರು 10 ಆದಾಗ. ಈ ಅರ್ಧ ದಾರಿಯ ಪಿಎಚ್‌ಗಿಂತ ಒಂದು ಅಂಕ ಮೇಲೆ ಹೋದ್ರೆ ಶೇ 90ರ ಆಸುಪಾಸು ಗುಂಪುಗಳು ಋಣ ಹೊರುತ್ತವೆ, ಒಂದು ಅಂಕ ಕೆಳಗೆ ಬಂದ್ರೆ ಶೇ 10ರ ಆಸುಪಾಸು ಮಾತ್ರ.

ಕಾಮರ್ಸ್ ಓದಿದವರಿಗೆ ಕಾಂಟಿಂಜೆಂಟ್ ಲಯಬಿಲಿಟಿ ನೆನಪಿರಬೇಕು. ಯಾವುದೋ ಒಂದು ಘಟನೆ ನಡೆದರೆ ಮಾತ್ರ ಸಾಲವಾಗೋ ಬಾಧ್ಯತೆ. ಫಿನಾಲ್ ಗುಂಪು ಅಂಥದ್ದು. ಕ್ಷಾರ ಬಂದ್ರೆ ಸಾಲ, ಇಲ್ಲದಿದ್ರೆ ಬ್ಯಾಲೆನ್ಸ್ ಶೀಟಿನ ಅಡಿಟಿಪ್ಪಣಿ.

ಅಂಕಿ ಇಟ್ಟು ನೋಡೋಣ. ಪೈನ್‌ನಂಥ ಮೃದುಮರದ ಕ್ರಾಫ್ಟ್ ಲಿಗ್ನಿನ್ ಒಂದು ಗ್ರಾಂ ತಗೊಂಡ್ರೆ ಅದರಲ್ಲಿ ಸುಮಾರು 4 ಮಿಲಿಮೋಲ್ ಫಿನಾಲ್ ಗುಂಪು, ಸುಮಾರು ಅರ್ಧ ಮಿಲಿಮೋಲ್ ಕಾರ್ಬಾಕ್ಸಿಲ್ ಗುಂಪು ಇರುತ್ತೆ. ಮಿಲಿಮೋಲ್ ಅಂದ್ರೆ ಎಣಿಕೆಯ ಘಟಕ, ನಾವು ಡಜನ್ ಅಂತೀವಲ್ಲ ಹಾಗೆ, ಆದ್ರೆ ಬಹಳ ದೊಡ್ಡ ಡಜನ್. ಪಿಎಚ್ 7ರಲ್ಲಿ ವಸೂಲಿಗೆ ಬರೋದು ಕಾರ್ಬಾಕ್ಸಿಲ್ ಮಾತ್ರ, ಅಂದ್ರೆ ಗ್ರಾಂಗೆ ಸುಮಾರು 0.5. ಪಿಎಚ್ 12 ದಾಟಿದ್ರೆ ಎರಡೂ ಸೇರಿ ಸುಮಾರು 4.5. ಅದೇ ಲಿಗ್ನಿನ್, ಅದೇ ಗ್ರಾಂ, ಒಂಬತ್ತು ಪಟ್ಟು ವ್ಯತ್ಯಾಸ! ಅಣ್ಣ ಹೇಳಿದ ತಾರೀಖು ಇಲ್ಲದ ಚೆಕ್ ಅಂದ್ರೆ ಇದೇ.

ಈ ವಿಷಯ ಬರೀ ಥಿಯರಿ ಅಲ್ಲ. ಬ್ಲ್ಯಾಕ್ ಲಿಕರ್‌ನ ಪಿಎಚ್ ಸಾಮಾನ್ಯವಾಗಿ 13ರ ಹತ್ತಿರ ಇರುತ್ತೆ. ಅಲ್ಲಿ ಲಿಗ್ನಿನ್ ಅಣುಗಳೆಲ್ಲ ಋಣ ಹೊತ್ತು ಒಂದನ್ನೊಂದು ದೂಡ್ತಾ ಕರಗಿರ್ತವೆ. ಅದಕ್ಕೆ ಕಾರ್ಬನ್ ಡೈಆಕ್ಸೈಡ್ ಹಾಯಿಸಿದ್ರೆ ಪಿಎಚ್ 10ರ ಕಡೆಗೆ ಇಳಿಯುತ್ತೆ. ಫಿನಾಲ್‌ಗಳ ಋಣ ಇಳೀತು, ದೂಡಾಟ ಕಡಿಮೆಯಾಯ್ತು, ಲಿಗ್ನಿನ್ ಮುದ್ದೆಯಾಗಿ ಹೊರಗೆ ಬೀಳ್ತು. ಹಾಲಿಗೆ ಹುಳಿ ಹಿಂಡಿದರೆ ಒಡೆದು ಪನೀರ್ ಬರೋದಕ್ಕೂ ಇದಕ್ಕೂ ಹೋಲಿಕೆ ಇದೆ, ಅಲ್ಲೂ ಹುಳಿ ಬಂದಾಗ ಕಣಗಳ ಋಣ ಇಳಿಯುತ್ತೆ. ಸ್ವೀಡನ್‌ನಲ್ಲಿ ಬೆಳೆದ ಲಿಗ್ನೋಬೂಸ್ಟ್ ಅನ್ನೋ ತಂತ್ರ ಕೆಲಸ ಮಾಡೋದು ಹೀಗೇ. 2013ರಲ್ಲಿ ಅಮೆರಿಕದ ನಾರ್ತ್ ಕೆರೊಲಿನಾದ ಪ್ಲಿಮತ್‌ನಲ್ಲಿ, 2015ರಲ್ಲಿ ಫಿನ್ಲೆಂಡಿನ ಸುನಿಲಾದಲ್ಲಿ ಇದರ ಕಾರ್ಖಾನೆಗಳು ಶುರುವಾದವು.

ಅಳತೆ ಒಂದು: ಧನ ಕೊಟ್ಟು ಋಣ ತೀರಿಸೋದು

ಯಾರದಾದ್ರೂ ಸಾಲ ಎಷ್ಟು ಅಂತ ಗೊತ್ತಿಲ್ಲದಿದ್ರೆ ಒಂದು ಸುಲಭ ಉಪಾಯ ಇದೆ. ಅವರ ಪರವಾಗಿ ದುಡ್ಡು ಕಟ್ಟುತ್ತಾ ಹೋಗಿ. ಸಾಲ ತೀರಿತು ಅಂದಾಗ ನಿಲ್ಲಿಸಿ. ನೀವು ಎಷ್ಟು ಕಟ್ಟಿದ್ರೋ ಅದೇ ಸಾಲದ ಮೊತ್ತ. ರಸಾಯನಶಾಸ್ತ್ರದಲ್ಲಿ ಇದೇ ಟೈಟ್ರೇಷನ್. ಪಿಯುಸಿ ಲ್ಯಾಬ್‌ನಲ್ಲಿ ಬ್ಯುರೆಟ್ ಹಿಡಿದವರಿಗೆ ಗೊತ್ತು.

ಇಲ್ಲಿ ಕಟ್ಟೋ ಧನದ ಹೆಸರು ಪಾಲಿಡ್ಯಾಡ್‌ಮ್ಯಾಕ್. ಉದ್ದನೆಯ ಸರಪಳಿಯಂಥ ಪಾಲಿಮರ್, ಮೈತುಂಬ ಧನ ಚಾರ್ಜ್. ಕುಡಿಯೋ ನೀರಿನ ಶುದ್ಧೀಕರಣದಲ್ಲೂ ಬಳಸ್ತಾರೆ. ಇದನ್ನೇ ಆರಿಸೋದಕ್ಕೆ ಕಾರಣ ಇದೆ: ಪಿಎಚ್ ಏರಲಿ ಇಳಿಯಲಿ, ಇದರ ಧನ ಬದಲಾಗಲ್ಲ. ಮೌಲ್ಯ ಬದಲಾಗದ ನೋಟು.

1952ರಲ್ಲಿ ಜಪಾನಿನ ಹಿರೋಶಿ ತೆರಯಾಮ ಅನ್ನೋ ವಿಜ್ಞಾನಿ ಈ ಬಗೆಯ ಅಳತೆಯನ್ನು ಕೊಲಾಯ್ಡ್ ಟೈಟ್ರೇಷನ್ ಅಂತ ಪ್ರಕಟಿಸಿದ್ರು. ಸಾಲ ತೀರಿದ್ದು ಗೊತ್ತಾಗೋಕೆ ಟೊಲುಯಿಡೀನ್ ಬ್ಲೂ ಅನ್ನೋ ಬಣ್ಣ ಹಾಕ್ತಿದ್ರು. ಲೆಕ್ಕ ಮುಗಿಯೋ ಹೊತ್ತಿಗೆ ನೀಲಿ ಬಣ್ಣ ನೇರಳೆ-ಗುಲಾಬಿಗೆ ತಿರುಗುತ್ತೆ. ಚೆನ್ನಾಗಿದೆ, ಅಲ್ವಾ? ಆದ್ರೆ ಲಿಗ್ನಿನ್ ಕರಗಿದ ನೀರು ಹೇಗಿರುತ್ತೆ? ಕಡು ಕಂದು, ಡಿಕಾಕ್ಷನ್ ಥರ. ಡಿಕಾಕ್ಷನ್ ಒಳಗೆ ನೀಲಿ ಗುಲಾಬಿ ಆಗಿದ್ದು ಯಾರಿಗೆ ಕಾಣುತ್ತೆ?

ಅದಕ್ಕೇ ಕಣ್ಣಿನ ಬದಲು ವಿದ್ಯುತ್ತನ್ನು ನಂಬೋ ಉಪಕರಣ ಬಂತು. ಕಾಗದದ ಲ್ಯಾಬ್‌ಗಳಲ್ಲಿ ಇದನ್ನು ಪಿಸಿಡಿ ಅಂತಾರೆ, ಪಾರ್ಟಿಕಲ್ ಚಾರ್ಜ್ ಡಿಟೆಕ್ಟರ್. ಜರ್ಮನಿಯ ಮ್ಯೂಟೆಕ್ ಹೆಸರಿನ ಉಪಕರಣ ಇದರಲ್ಲಿ ಪ್ರಸಿದ್ಧ. ಒಂದು ಟೆಫ್ಲಾನ್ ಲೋಟ, ಅದರೊಳಗೆ ಸಣ್ಣ ಸಂದು ಬಿಟ್ಟು ಕೂರೋ ಪಿಸ್ಟನ್. ಲೋಟಕ್ಕೆ ಸ್ಯಾಂಪಲ್ ಹಾಕಿದ್ರೆ ಲಿಗ್ನಿನ್ ಅಣುಗಳು ಪ್ಲಾಸ್ಟಿಕ್ ಗೋಡೆಗೆ ಅಂಟಿಕೊಳ್ತವೆ. ಅವುಗಳ ಋಣಕ್ಕೆ ಜೊತೆಯಾಗಿ ಸುತ್ತಮುತ್ತ ಧನ ಅಯಾನುಗಳು ಇರುತ್ತವೆ, ಸೋಡಿಯಂ ಥರದವು. ಪಿಸ್ಟನ್ ಮೇಲೆ ಕೆಳಗೆ ಆಡಿದಾಗ ನೀರು ಸಂದಿನಲ್ಲಿ ಹರಿದಾಡುತ್ತೆ, ಲಿಗ್ನಿನ್ ಗೋಡೆಯಲ್ಲೇ ಇರುತ್ತೆ, ಸುತ್ತಲಿನ ಸಡಿಲ ಅಯಾನುಗಳು ನೀರಿನ ಜೊತೆ ಓಡ್ತವೆ. ಚಾರ್ಜ್ ಓಡಿದ್ರೆ ಕರೆಂಟ್. ಎರಡು ಎಲೆಕ್ಟ್ರೋಡ್‌ಗಳು ಅದನ್ನು ಹಿಡೀತವೆ, ಪರದೆ ಮೇಲೆ ಒಂದು ಮಿಲಿವೋಲ್ಟ್ ಅಂಕಿ ಬರುತ್ತೆ.

ಈಗ ಹನಿ ಹನಿಯಾಗಿ ಪಾಲಿಡ್ಯಾಡ್‌ಮ್ಯಾಕ್ ಹಾಕ್ತಾ ಹೋಗಿ. ಋಣ ತೀರ್ತಾ ಬಂದಂಗೆ ಅಂಕಿ ಸೊನ್ನೆ ಕಡೆಗೆ ಬರುತ್ತೆ. ಸೊನ್ನೆ ಮುಟ್ಟಿದಾಗ ನಿಲ್ಲಿಸಿ, ಎಷ್ಟು ಮಿಲಿಲೀಟರ್ ಖರ್ಚಾಯ್ತು ನೋಡಿ.

ಲೆಕ್ಕ ಮಾಡೋಣ, ಉದಾಹರಣೆಗೆ ಅಷ್ಟೇ. ಸ್ಯಾಂಪಲ್ 10 ಮಿಲಿಲೀಟರ್, ಅದರಲ್ಲಿ 5 ಮಿಲಿಗ್ರಾಂ ಲಿಗ್ನಿನ್. ಪಾಲಿಡ್ಯಾಡ್‌ಮ್ಯಾಕ್ ದ್ರಾವಣದ ಒಂದು ಮಿಲಿಲೀಟರಿನಲ್ಲಿ 0.001 ಮಿಲಿಈಕ್ವಿವಲೆಂಟ್ ಧನ. ಖರ್ಚಾಗಿದ್ದು 5 ಮಿಲಿಲೀಟರ್. ಹಾಗಾದ್ರೆ ಕಟ್ಟಿದ ಧನ 0.005. ಅದನ್ನು 0.005 ಗ್ರಾಂ ಲಿಗ್ನಿನ್‌ನಿಂದ ಭಾಗಿಸಿದ್ರೆ ಗ್ರಾಂಗೆ 1 ಮಿಲಿಈಕ್ವಿವಲೆಂಟ್. ಇದಕ್ಕೆ ಚಾರ್ಜ್ ಸಾಂದ್ರತೆ ಅಂತಾರೆ. ಫಿಸಿಕ್ಸ್ ಭಾಷೆಯಲ್ಲಿ ಹೇಳೋದಾದ್ರೆ ಗ್ರಾಂಗೆ ಸುಮಾರು 96.5 ಕೂಲಂಬ್. ಸಾಲದ ಮೊತ್ತ ಅಂದ್ರೆ ಇದು.

ಪಿಸಿಡಿ ಶುರುವಿನಲ್ಲಿ ತೋರಿಸೋ ಮಿಲಿವೋಲ್ಟ್ ಇದೆಯಲ್ಲ, ಅದು ಮೊತ್ತ ಅಲ್ಲ. ಲೋಟದ ಸಂದು, ಪಿಸ್ಟನ್ನಿನ ವೇಗ, ನೀರಿನಲ್ಲಿರೋ ಉಪ್ಪು, ಎಲ್ಲದರ ಮೇಲೂ ಅದು ಬದಲಾಗುತ್ತೆ. ನಂಬಬೇಕಾಗಿರೋದು ಪ್ಲಸ್ಸೋ ಮೈನಸ್ಸೋ ಅನ್ನೋದನ್ನ, ಮತ್ತು ಸೊನ್ನೆ ಯಾವಾಗ ಬಂತು ಅನ್ನೋದನ್ನ.

ಅಳತೆ ಎರಡು: ಹಾಗಾದ್ರೆ ಮೈನಸ್ 40 ಮಿಲಿವೋಲ್ಟ್ ಅಂದ್ರೆ ಏನು?

ನಾನು ಓದಿ ಹೇಳಿದ ಅಂಕಿ ಬೇರೆ ಉಪಕರಣದ್ದು. ಅದರ ಹೆಸರು ಝೀಟಾ ಪೊಟೆನ್ಷಿಯಲ್.

ಲಿಗ್ನಿನ್ ಸಣ್ಣ ಸಣ್ಣ ಕಣಗಳಾಗಿ ನೀರಿನಲ್ಲಿ ತೇಲ್ತಿದೆ ಅಂತ ಇಟ್ಕೊಳ್ಳಿ. ಆ ನೀರಿಗೆ ವಿದ್ಯುತ್ ಕ್ಷೇತ್ರ ಕೊಟ್ರೆ ಋಣ ಕಣಗಳು ಧನ ಎಲೆಕ್ಟ್ರೋಡ್ ಕಡೆ ಓಡ್ತವೆ. ಎಷ್ಟು ಜೋರಾಗಿ ಓಡ್ತವೆ ಅಂತ ಲೇಸರ್ ಬೆಳಕಿನಿಂದ ನೋಡ್ತಾರೆ. ಆ ವೇಗದಿಂದ ಲೆಕ್ಕ ಹಾಕಿದ್ದು ಝೀಟಾ ಪೊಟೆನ್ಷಿಯಲ್. ಕಣ ಓಡುವಾಗ ಅದಕ್ಕೆ ಅಂಟಿಕೊಂಡ ಕೆಲವು ಧನ ಅಯಾನುಗಳೂ ಜೊತೆಗೆ ಓಡ್ತವೆ. ಹಾಗಾಗಿ ಹೊರಗಿನ ಲೋಕಕ್ಕೆ ಕಾಣೋದು ಪೂರ್ತಿ ಸಾಲ ಅಲ್ಲ, ಆ ಅಂಟಿಕೊಂಡ ಪದರದ ಅಂಚಿನಲ್ಲಿ ಉಳಿದ ಒತ್ತಡ ಮಾತ್ರ.

ಒಬ್ಬ ವ್ಯಾಪಾರಿ ಅಂದುಕೊಳ್ಳಿ. ಅವನ ಒಟ್ಟು ಸಾಲ ಬ್ಯಾಂಕಿನ ಪುಸ್ತಕದಲ್ಲಿದೆ. ಮಾರ್ಕೆಟ್‌ನಲ್ಲಿ ಅವನ ಬಗ್ಗೆ ಜನರ ಅಭಿಪ್ರಾಯ ಬೇರೆ. ಸಾಲ ಅಷ್ಟೇ ಇದ್ದರೂ ಪಕ್ಕದಲ್ಲಿ ನಾಲ್ಕು ದುಡ್ಡಿರೋ ನೆಂಟರು ನಿಂತ್ರೆ ಅಭಿಪ್ರಾಯ ಬದಲಾಗುತ್ತೆ. ಝೀಟಾ ಪೊಟೆನ್ಷಿಯಲ್ ಆ ಅಭಿಪ್ರಾಯದ ಥರ. ನೀರಿಗೆ ಉಪ್ಪು ಹಾಕಿದ್ರೆ ಧನ ಅಯಾನುಗಳು ಕಣದ ಹತ್ತಿರ ಜಮಾಯಿಸ್ತವೆ, ಝೀಟಾ ಸೊನ್ನೆ ಕಡೆಗೆ ಇಳಿಯುತ್ತೆ. ಸಾಲ ಅಷ್ಟೇ ಇದೆ, ಕಾಣೋದು ಕಡಿಮೆ.

ಹಾಗಂತ ಝೀಟಾ ಉಪಯೋಗ ಇಲ್ಲ ಅಂತಲ್ಲ. ಕಣಗಳು ಒಂದನ್ನೊಂದು ದೂಡ್ತಾ ತೇಲಿಕೊಂಡಿರ್ತವಾ, ಇಲ್ಲಾ ಸೇರಿಕೊಂಡು ತಳಕ್ಕೆ ಕೂರ್ತವಾ ಅಂತ ಊಹಿಸೋಕೆ ಅದೇ ಬೇಕು. 30 ಮಿಲಿವೋಲ್ಟ್‌ಗಿಂತ ಹೆಚ್ಚಿದ್ರೆ, ಪ್ಲಸ್ಸೋ ಮೈನಸ್ಸೋ, ಸಾಮಾನ್ಯವಾಗಿ ತೇಲಿಕೊಂಡಿರ್ತವೆ ಅನ್ನೋದು ರೂಢಿಯ ಲೆಕ್ಕ. ಆದ್ರೆ ಎಷ್ಟು ಧನ ಹಾಕಬೇಕು ಅನ್ನೋ ಪ್ರಶ್ನೆಗೆ ಅದು ಉತ್ತರ ಕೊಡಲ್ಲ. ನಾನು ಅಭಿಪ್ರಾಯ ಓದಿ ಸಾಲದ ಮೊತ್ತ ಅಂತ ಹೇಳಿಬಿಟ್ಟಿದ್ದೆ.

ಒಂದು ರಾತ್ರಿ ಪಾಳಿಯ ಕಥೆ

“ಹೋಗ್ಲಿ ಬಿಡಣ್ಣ, ಮಿಲಿವೋಲ್ಟೋ ಮಿಲಿಈಕ್ವಿವಲೆಂಟೋ, ಕೇಳೋರಿಗೆ ಏನು ವ್ಯತ್ಯಾಸ?” ಅಂತ ಕೇಳಿದೆ. ಆಗ ಅವರು ತಮ್ಮದೇ ಒಂದು ರಾತ್ರಿಯ ಕಥೆ ಹೇಳಿದ್ರು.

ಕಾಗದ ಮಾಡುವಾಗ ನೀರಿನಲ್ಲಿ ನಾರಿನ ಜೊತೆ ಸೂಕ್ಷ್ಮ ಪುಡಿ, ಸುಣ್ಣದ ಪುಡಿಯಂಥ ಫಿಲ್ಲರ್, ಎಲ್ಲಾ ಇರುತ್ತೆ. ಅವೆಲ್ಲ ಜಾಲರಿ ಮೇಲೆ ಹಾಳೆಯಲ್ಲೇ ನಿಲ್ಲಬೇಕು ಅಂತ ಧನ ಚಾರ್ಜ್ ಇರೋ ಪಾಲಿಮರ್, ಧನ ಚಾರ್ಜ್ ಮಾಡಿದ ಪಿಷ್ಟ ಹಾಕ್ತಾರೆ. ತಿರುಳನ್ನು ಸರಿಯಾಗಿ ತೊಳೆಯದೆ ಇದ್ರೆ ಕರಗಿದ ಲಿಗ್ನಿನ್ ಮುಂದಕ್ಕೆ ಬಂದು, ನಾರಿಗೆ ಅಂತ ಹಾಕಿದ ಧನವನ್ನು ಮಧ್ಯದಲ್ಲೇ ನುಂಗಿಬಿಡುತ್ತೆ. ಕಾಗದದವರು ಇಂಥ ಪದಾರ್ಥಗಳಿಗೆ ಇಟ್ಟಿರೋ ಹೆಸರು ಅನಯಾನಿಕ್ ಟ್ರ್ಯಾಶ್, ಅಂದ್ರೆ ಋಣದ ಕಸ.

ಆ ರಾತ್ರಿ ತೊಳೆಯೋ ವಿಭಾಗದಲ್ಲಿ ತೊಂದರೆಯಾಗಿ ಲಿಗ್ನಿನ್ ಜಾಸ್ತಿ ಬಂತು. ಆಗಿನ್ನೂ ಹೊಸಬರಾಗಿದ್ದ ಅಣ್ಣ ಪಿಸಿಡಿ ಪರದೆಯ ಮಿಲಿವೋಲ್ಟ್ ನೋಡಿದ್ರು. ಹಿಂದಿನ ದಿನಕ್ಕಿಂತ ಎರಡು ಪಟ್ಟು. ಹಾಗಾದ್ರೆ ಪಾಲಿಮರೂ ಎರಡು ಪಟ್ಟು ಅಂತ ಹಾಕಿಸಿದ್ರು. ಟೈಟ್ರೇಷನ್ ಮಾಡಲಿಲ್ಲ, ಹತ್ತು ನಿಮಿಷದ ಕೆಲಸ. “ಅವಸರ ಇತ್ತು ತಂಗೀ, ಮಷೀನ್ ಮುಂದ ಎಲ್ಲಾರೂ ನಿಂತಿದ್ರು” ಅಂದ್ರು.

ಋಣ ತೀರಿದ ಮೇಲೂ ಧನ ಬೀಳ್ತಾನೇ ಹೋದ್ರೆ ಕಣಗಳು ಸೊನ್ನೆಯಲ್ಲಿ ನಿಲ್ಲಲ್ಲ. ಆ ಕಡೆ ದಾಟಿ ಧನ ಚಾರ್ಜ್ ಹೊರುತ್ತವೆ. ಈಗ ಎಲ್ಲವೂ ಧನ, ಮತ್ತೆ ಒಂದನ್ನೊಂದು ದೂಡ್ತವೆ. ಪುಡಿ ಹಾಳೆಯಲ್ಲಿ ನಿಲ್ಲದೆ ನೀರಿಗೆ ಹೋಯ್ತು, ನೊರೆ ಎದ್ದಿತು, ಹಾಳೆ ಹರಿಯೋಕೆ ಶುರುವಾಯ್ತು. ಅದನ್ನು ನೋಡಿ ಇನ್ನೊಬ್ಬರು “ಪಾಲಿಮರ್ ಸಾಲದು” ಅಂತ ಇನ್ನೂ ಸ್ವಲ್ಪ ಹಾಕಿಸಿದ್ರು! ಬೆಳಗ್ಗೆ ಹಿರಿಯರೊಬ್ಬರು ಬಂದು ಟೈಟ್ರೇಷನ್ ಮಾಡಿಸಿದಾಗ ಚಿಹ್ನೆಯೇ ಪ್ಲಸ್ ಇತ್ತು. ಆ ರಾತ್ರಿಯ ಕಾಗದ, ಪಾಲಿಮರ್ ಖರ್ಚು, ಮತ್ತು ಶುದ್ಧೀಕರಣ ಘಟಕಕ್ಕೆ ಹೋದ ಕಲಕಿದ ನೀರು, ಎಲ್ಲದಕ್ಕೂ ಕಾರಣ ಒಂದು ತಪ್ಪು ಘಟಕ.

ಇದೇ ತತ್ವ ಮನೆಯಲ್ಲೂ ನೋಡಿರ್ತೀರಿ. ಕದಡಿದ ಬಾವಿ ನೀರಿಗೆ ಅಜ್ಜಿ ಪಟಿಕ ತಿರುಗಿಸ್ತಿದ್ರಲ್ಲ, ಮಣ್ಣಿನ ಕಣಗಳ ಋಣವನ್ನು ಪಟಿಕದ ಧನ ತೀರಿಸಿ ತಳಕ್ಕೆ ಕೂರಿಸುತ್ತೆ. ಅಜ್ಜಿಗೆ ಎರಡು ಸುತ್ತು ಸಾಕು ಅಂತ ಕೈಯಲ್ಲೇ ಗೊತ್ತಿತ್ತು. ಕಾರ್ಖಾನೆಗೆ ಆ ಕೈ ಇಲ್ಲ, ಅಳತೆ ಬೇಕು.

ಅಳತೆ ಮೂರು: ಒಟ್ಟು ಬಾಧ್ಯತೆ

ಇನ್ನೂ ಒಂದು ದಾರಿ ಇದೆ. ಲಿಗ್ನಿನ್ ಅನ್ನು ಹೆಚ್ಚುವರಿ ಕಾಸ್ಟಿಕ್ ಸೋಡಾದಲ್ಲಿ ಕರಗಿಸಿ, ಎಲ್ಲಾ ಗುಂಪುಗಳೂ ಋಣ ಹೊರೋ ಹಾಗೆ ಮಾಡಿ, ಆಮೇಲೆ ಆಮ್ಲವನ್ನು ಸ್ವಲ್ಪ ಸ್ವಲ್ಪವೇ ಹಾಕ್ತಾ ನೀರಿನ ವಿದ್ಯುತ್ ವಾಹಕತೆ ನೋಡೋದು. ಮೊದಲು ವಾಹಕತೆ ಜೋರಾಗಿ ಇಳಿಯುತ್ತೆ, ಯಾಕಂದ್ರೆ ವೇಗವಾಗಿ ಓಡೋ ಹೈಡ್ರಾಕ್ಸೈಡ್ ಅಯಾನುಗಳು ಖಾಲಿಯಾಗ್ತವೆ. ನಡುವೆ ಗೆರೆ ಓರೆ ಬದಲಿಸಿ ನಿಧಾನವಾಗುತ್ತೆ, ಲಿಗ್ನಿನ್‌ನ ಗುಂಪುಗಳು ಹೈಡ್ರೋಜನ್ ವಾಪಸ್ ತಗೊಳ್ಳೋ ಹೊತ್ತು ಅದು. ಎಲ್ಲಾ ಮುಗಿದ ಮೇಲೆ ಮಿಕ್ಕ ಆಮ್ಲದಿಂದ ಮತ್ತೆ ಜೋರಾಗಿ ಏರುತ್ತೆ. ಗ್ರಾಫ್‌ನಲ್ಲಿ ಓರೆ ಬದಲಾದ ಜಾಗಗಳ ನಡುವೆ ಖರ್ಚಾದ ಆಮ್ಲವೇ ಗುಂಪುಗಳ ಎಣಿಕೆ. ಇಲ್ಲೊಂದು ತೊಡಕು: ಪಿಎಚ್ ಇಳಿದಂಗೆ ಲಿಗ್ನಿನ್ ಮುದ್ದೆಯಾಗುತ್ತೆ, ಒಳಗೆ ಸಿಕ್ಕಿಕೊಂಡ ಗುಂಪುಗಳು ತಡವಾಗಿ ಲೆಕ್ಕಕ್ಕೆ ಬರ್ತವೆ. ಅದಕ್ಕೆ ನಿಧಾನವಾಗಿ ಮಾಡಬೇಕು.

ಇದಕ್ಕಿಂತ ದುಬಾರಿ ದಾರಿ ಫಾಸ್ಫರಸ್-31 ಎನ್‌ಎಂಆರ್. ಲಿಗ್ನಿನ್‌ನ ಒಂದೊಂದು ಹೈಡ್ರಾಕ್ಸಿಲ್ ಗುಂಪಿಗೂ ರಂಜಕ ಇರೋ ಒಂದು ಗುರುತುಚೀಟಿ ಅಂಟಿಸಿ, ಕಾರ್ಬಾಕ್ಸಿಲ್ ಎಷ್ಟು, ಫಿನಾಲ್ ಎಷ್ಟು ಅಂತ ಬೇರೆ ಬೇರೆ ಎಣಿಸೋದು. ಇದು ಚಾರ್ಜ್ ಅಳೆಯಲ್ಲ. ಚಾರ್ಜ್ ಆಗಬಹುದಾದ ಗುಂಪುಗಳ ಪೂರ್ತಿ ಪಟ್ಟಿ ಕೊಡುತ್ತೆ.

ಈಗ ಗಮನಿಸಿ, ಒಂದೇ ಲಿಗ್ನಿನ್, ಒಂದೇ ಪಿಎಚ್ ಇದ್ರೂ ಪಾಲಿಡ್ಯಾಡ್‌ಮ್ಯಾಕ್ ಕೊಡೋ ಉತ್ತರ ಹೆಚ್ಚಾಗಿ ಕಡಿಮೆ ಬರುತ್ತೆ. ಕಾರಣ ಸರಳ. ಪಾಲಿಡ್ಯಾಡ್‌ಮ್ಯಾಕ್ ದೊಡ್ಡ ಅಣು, ಸುರುಳಿ ಸುತ್ತಿಕೊಂಡ ಲಿಗ್ನಿನ್ ಒಳಗೆ ನುಗ್ಗೋಕೆ ಆಗಲ್ಲ. ಬಿಎಂಟಿಸಿ ಬಸ್ಸು ಮುಖ್ಯರಸ್ತೆಯ ಮನೆಗಳನ್ನಷ್ಟೇ ಎಣಿಸಿದ ಹಾಗೆ. ಆಮ್ಲ, ಕ್ಷಾರದ ಅಯಾನುಗಳು ಬೈಕ್ ಇದ್ದಂಗೆ, ಸಂದಿಗೊಂದಿಗೂ ಹೋಗ್ತವೆ. ಹಾಗಾದ್ರೆ ಯಾವುದು ಸರಿ? ನಿಮ್ಮ ಕೆಲಸ ಯಾವುದು ಅನ್ನೋದರ ಮೇಲೆ ಹೋಗುತ್ತೆ. ದೊಡ್ಡ ಪಾಲಿಮರ್ ಎಷ್ಟು ಹಾಕಬೇಕು ಅಂತ ಗೊತ್ತಾಗಬೇಕಿದ್ರೆ ಬಸ್ಸಿನ ಲೆಕ್ಕವೇ ಸರಿ. ಲಿಗ್ನಿನ್‌ಗೆ ಹೊಸ ಗುಂಪು ಜೋಡಿಸಿ ಹೊಸ ವಸ್ತು ಮಾಡಬೇಕಿದ್ರೆ ಬೈಕಿನ ಲೆಕ್ಕ ಬೇಕು.

ಇದೆಲ್ಲ ಯಾಕೆ ಬೇಕು?

ಲಿಗ್ನಿನ್ ಅನ್ನು ಇವತ್ತು ಬಹುಪಾಲು ಸುಡ್ತಾರೆ. ಸುಡೋಕೆ ಅದರ ಚಾರ್ಜ್ ಎಷ್ಟಿದ್ರೂ ಪರವಾಗಿಲ್ಲ. ಆದ್ರೆ ಅದನ್ನು ಸರಕಾಗಿ ಮಾರಬೇಕು ಅಂದ ತಕ್ಷಣ ಚಾರ್ಜೇ ಅದರ ಗುಣಪತ್ರ.

ಹಳೆಯ ಉದಾಹರಣೆ ಲಿಗ್ನೋಸಲ್ಫೋನೇಟ್. ಸಲ್ಫೈಟ್ ಅನ್ನೋ ಇನ್ನೊಂದು ವಿಧಾನದಲ್ಲಿ ಮರ ಬೇಯಿಸಿದಾಗ ಸಿಗುತ್ತೆ. ಅದರ ಸಲ್ಫೋನೇಟ್ ಗುಂಪುಗಳು ಸಾಕಷ್ಟು ಹುಳಿಯಲ್ಲೂ ಋಣ ಬಿಡಲ್ಲ, ಅದಕ್ಕೇ ಯಾವ ನೀರಿಗೂ ಕರಗುತ್ತೆ. ಕಾಂಕ್ರೀಟ್‌ಗೆ ಸ್ವಲ್ಪ ಹಾಕಿದ್ರೆ ಸಿಮೆಂಟ್ ಕಣಗಳಿಗೆ ಅಂಟಿ, ಅವನ್ನು ಒಂದಕ್ಕೊಂದು ದೂಡಿಸಿ, ಕಡಿಮೆ ನೀರಿನಲ್ಲೇ ಹರಿಯೋ ಹಾಗೆ ಮಾಡುತ್ತೆ. ಕ್ರಾಫ್ಟ್ ಲಿಗ್ನಿನ್ ಹಾಗಲ್ಲ, ತಟಸ್ಥ ನೀರಿನಲ್ಲಿ ಕರಗೋದೇ ಕಷ್ಟ. ಅದಕ್ಕೆ ಸಲ್ಫೋನೇಟ್ ಗುಂಪು ಜೋಡಿಸಿ ಇದೇ ಕೆಲಸಕ್ಕೆ ತರಬಹುದು. ಉಲ್ಟಾ ಮಾಡಿ ಧನ ಗುಂಪು ಜೋಡಿಸಿದ್ರೆ, ಬಟ್ಟೆ ಕಾರ್ಖಾನೆಯ ನೀರಿನಲ್ಲಿರೋ ಋಣ ಚಾರ್ಜಿನ ಬಣ್ಣಗಳನ್ನು ಹಿಡಿದು ತಳಕ್ಕೆ ಕೂರಿಸೋ ಕೆಲಸಕ್ಕೆ ಬರುತ್ತೆ. ಪೆಟ್ರೋಲಿಯಂನಿಂದ ಮಾಡೋ ಪಾಲಿಮರಿನ ಜಾಗಕ್ಕೆ ಮರದ ಮಿಕ್ಕಿದ್ದು.

ಹಾಗಂತ “ಪರಿಸರಸ್ನೇಹಿ ಲಿಗ್ನಿನ್” ಅಂತ ಚೀಲದ ಮೇಲೆ ಬರೆದ ಮಾತ್ರಕ್ಕೆ ಕೆಲಸ ಆಗಲ್ಲ. ಗುಂಪು ಎಷ್ಟು ಅಂಟಿತು, ಬಳಸೋ ನೀರಿನ ಪಿಎಚ್‌ನಲ್ಲಿ ಎಷ್ಟು ಚಾರ್ಜ್ ಉಳಿಯುತ್ತೆ ಅಂತ ಅಳೆದು ತೋರಿಸಬೇಕು. ಕೊಳ್ಳೋರು ಕೇಳಬೇಕು.

ಏನು ಕೇಳಬೇಕು? ಅಣ್ಣ ಹೇಳಿಕೊಟ್ಟ ಮೂರು ಪ್ರಶ್ನೆ, ಸ್ಕ್ರೀನ್‌ಶಾಟ್ ತಗೊಳ್ಳೋರು ತಗೊಳ್ಳಿ.

ಒಂದು, ಘಟಕ ಯಾವುದು? ಗ್ರಾಂಗೆ ಮಿಲಿಈಕ್ವಿವಲೆಂಟ್ ಆದ್ರೆ ಸಾಲದ ಮೊತ್ತ. ಮಿಲಿವೋಲ್ಟ್ ಆದ್ರೆ ಹೊರಗೆ ಕಾಣೋ ಒತ್ತಡ.

ಎರಡು, ಪಿಎಚ್ ಎಷ್ಟು, ನೀರಿನಲ್ಲಿ ಉಪ್ಪು ಎಷ್ಟು? ಇದು ಚೆಕ್ಕಿನ ತಾರೀಖು.

ಮೂರು, ಯಾವ ವಿಧಾನ? ಬಸ್ಸಲ್ಲಿ ಎಣಿಸಿದ್ದಾ, ಬೈಕಲ್ಲಿ ಎಣಿಸಿದ್ದಾ?

ಈಗ ನನ್ನ ತಿದ್ದುಪಡಿ, ಅಧಿಕೃತವಾಗಿ. ಹಳೆಯ ಸಂಚಿಕೆಯಲ್ಲಿ ಹೇಳಿದ “ಲಿಗ್ನಿನ್‌ನ ಚಾರ್ಜ್ ಮೈನಸ್ 40 ಮಿಲಿವೋಲ್ಟ್” ಅನ್ನೋ ಮಾತನ್ನು ವಾಪಸ್ ತಗೊಳ್ತಿದ್ದೀನಿ. ಅದು ಚಾರ್ಜ್ ಆಗಿರಲಿಲ್ಲ, ಯಾವುದೋ ಒಂದು ನೀರಿನಲ್ಲಿ ಲಿಗ್ನಿನ್ ಕಣಗಳ ಝೀಟಾ ಪೊಟೆನ್ಷಿಯಲ್ ಆಗಿತ್ತು, ಮತ್ತು ಪಿಎಚ್ ಹೇಳದೆ ಅದನ್ನು ಹೇಳಬಾರದಿತ್ತು. ಆ ಸಂಚಿಕೆಯ ವಿವರಣೆಯಲ್ಲೂ ತಿದ್ದಿದ್ದೀನಿ.

ರೆಕಾರ್ಡ್ ಮಾಡೋ ಮುಂಚೆ ಸ್ಕ್ರಿಪ್ಟನ್ನು ಅಣ್ಣನಿಗೆ ಫೋನಲ್ಲಿ ಓದಿ ಹೇಳಿದೆ. ಪೂರ್ತಿ ಕೇಳಿ, “ಈಗ ಚೆಕ್ ಪಾಸಾಕ್ಕೈತಿ ನೋಡ್ರಿ” ಅಂದ್ರು.

ನಿಮ್ಮ ಕೆಲಸದಲ್ಲೂ ಹೀಗೆ ಎಲ್ಲರೂ ತಪ್ಪಾಗಿ ಹೇಳೋ ಒಂದು ಅಂಕಿ ಇದ್ರೆ ವಾಯ್ಸ್ ಮೆಸೇಜ್ ಕಳಿಸಿ. ಬೈದು ಕಳಿಸಿದ್ರೂ ಕೇಳ್ತೀನಿ.